ಚಳಿಗಾಲದಲ್ಲಿ ಹೆಲ್ಮೆಟ್ ವೈಸರ್‌ಗೆ ಕಟ್ಟುವ ಹಬೆಗೆ: ಪಿನ್‌ಲಾಕೋ, ಆಂಟಿ-ಫಾಗ್ ಸ್ಪ್ರೇಯೋ?

ಡಿಸೆಂಬರ್–ಜನವರಿಯಲ್ಲಿ ದಿನಾ ಬೆಳಗ್ಗೆ ಮಡಿಕೇರಿಯಿಂದ ಕುಶಾಲನಗರಕ್ಕೆ ಬೈಕ್ ಇಳಿಸುವವರಿಗೆ ಪಿನ್‌ಲಾಕೇ ಸರಿ. ವೈಸರ್, ಅಂದರೆ ಹೆಲ್ಮೆಟ್‌ನ ಮುಂದಿನ ಪಾರದರ್ಶಕ ಪರದೆ; ಅದರ ಒಳಗೆ ಕೂರುವ ಈ ಎರಡನೇ ಹಾಳೆಯ ಸುತ್ತ ಸಿಲಿಕೋನ್ ಅಂಚಿದೆ. ನಡುವೆ ಸಿಕ್ಕ ಗಾಳಿಯಿಂದಾಗಿ ಒಳಹಾಳೆ ತಣ್ಣಗಾಗದು, ಉಸಿರಿನ ಹಬೆ ಕಟ್ಟದು. ಹಾಳೆಗಳ ಮಧ್ಯೆಯೇ ಹಬೆ ಕಂಡರೆ ಅಂಚು ಸರಿಯಾಗಿ ಒತ್ತಿ ಕೂತಿಲ್ಲ: ಹಾಳೆಯನ್ನು ಹಿಡಿದಿರುವ ವೈಸರ್‌ನ ಪಿನ್‌ಗಳನ್ನು ತುಸು ತಿರುಗಿಸಿ ಬಿಗಿ ಮಾಡಿ. ವೈಸರ್‌ನಲ್ಲಿ ಪಿನ್ನೇ ಇಲ್ಲದಿದ್ದರೆ ಈ ಮಾತು ಅಲ್ಲಿಗೇ ಮುಗಿಯಿತು.

ವೈಸರ್‌ನ ಒಳಬದಿಗೆ ಹಚ್ಚುವ ಸ್ಪ್ರೇ ಅಗ್ಗ, ಯಾವ ಹೆಲ್ಮೆಟ್‌ಗೂ ಆಗುತ್ತದೆ. ಒರೆಸಿದರೆ ಪದರ ಹೋಗುತ್ತದೆ, ಮತ್ತೆ ಹಚ್ಚಬೇಕು. ವಾರಕ್ಕೊಮ್ಮೆ ಸಂತೆಗೆ ಹೋಗುವವರಿಗೆ ಧಾರಾಳ ಸಾಕು. ಪಿನ್‌ಲಾಕ್ ಹಾಳೆಯ ಮೇಲೆ ಮಾತ್ರ ಹೊಡೆಯಬೇಡಿ.

ಹೊರಗೆ ಕೂರುವ ಮಂಜಿನ ಹನಿಗೆ ಎರಡೂ ನಿಷ್ಪ್ರಯೋಜಕ. ಎಡಗೈ ಗ್ಲೌಸ್‌ನಿಂದ ಒರೆಸುತ್ತಲೇ ಇರಬೇಕು. ಕಪ್ಪು ವೈಸರ್ ಮನೆಯಲ್ಲೇ ಇರಲಿ.