ಬಂಗುಡೆಗೂ ಜೀಗುಜ್ಜೆಗೂ ಒಂದೇ ಏರ್ ಫ್ರೈಯರ್ ಸಾಕಾ?

ನಮ್ಮ ಮಗಳು ವೀಗನ್. ಮೀನು, ಮಾಂಸ, ಮೊಟ್ಟೆ ಬಿಡಿ, ಹಾಲು, ಮೊಸರು, ತುಪ್ಪವೂ ಅವಳಿಗೆ ಬೇಡ. ನನಗೆ, ನಮ್ಮವರಿಗೆ, ಅತ್ತೆಗೆ ಮೀನಿಲ್ಲದೆ ಊಟ ಸೇರುವುದಿಲ್ಲ. ಏರ್ ಫ್ರೈಯರ್ ಮಾತ್ರ ಎಲ್ಲರಿಗೂ ಬೇಕು. ಹಂಚಿಕೊಳ್ಳಲು ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದ್ದೇವೆ.

ಸುಲಭದ ದಾರಿ ಅಂದ್ರೆ ಒಂದೇ ಮೆಷಿನ್, ತೊಳೆದು ತೊಳೆದು ಬಳಸುವುದು. ಬುಟ್ಟಿಗೆ ಬಿಸಿನೀರು, ಸೋಪು, ನಿಂಬೆರಸ ಹಾಕಿ ನೆನೆಸಿಟ್ಟರೆ ಮೀನಿನ ವಾಸನೆ ಚೆನ್ನಾಗಿಯೇ ಹೋಗುತ್ತದೆ. ಹುಳಿ ತಾಗಿದರೆ ಆ ವಾಸನೆ ಅಡಗುತ್ತದೆ, ಮೀನಿಗೆ ಹುಣಸೆಹುಳಿ ಹಚ್ಚುವವರಿಗೆ ಇದು ಹೊಸದೇನಲ್ಲ. ಆದರೆ ತೊಂದರೆ ಇರುವುದು ಬುಟ್ಟಿಯಲ್ಲಲ್ಲ, ಮೇಲೆ. ಏರ್ ಫ್ರೈಯರ್‌ನ ಬಿಸಿ ಮಾಡುವ ಕಾಯಿಲ್, ಫ್ಯಾನ್ ಎರಡೂ ಬುಟ್ಟಿಯ ಮೇಲ್ಗಡೆ ಇರುತ್ತವೆ. ಬಿಸಿಗಾಳಿ ಕೆಳಗಿಳಿದು, ಸುತ್ತಿ, ಮತ್ತೆ ಮೇಲಕ್ಕೆ ಹೋಗುತ್ತದೆ. ಬಂಗುಡೆಯಂಥ ಎಣ್ಣೆ ಮೀನು ಬೇಯುವಾಗ ಸಿಡಿಯುವ ಹನಿಗಳೂ ಅದರ ಜೊತೆ ಮೇಲೇರಿ ಕಾಯಿಲ್‌ಗೆ ಅಂಟುತ್ತವೆ. ಮಾರನೇ ದಿನ ಫಳಫಳ ತೊಳೆದ ಬುಟ್ಟಿಯಲ್ಲಿ ಜೀಗುಜ್ಜೆ ಕಾಯಿಯ ಹೋಳುಗಳಿಗೆ ಮೆಣಸಿನಪುಡಿ, ರವೆ ಹಚ್ಚಿ 180 ಡಿಗ್ರಿಗೆ ಇಟ್ಟೆ. ಐದು ನಿಮಿಷಕ್ಕೆ ಮಗಳು ಬುಟ್ಟಿ ಎಳೆದು ನೋಡಿ, "ಅಮ್ಮಾ, ಬಂಗುಡೆ ವಾಸನೆ ಬರ್ತಿದೆ" ಅಂದಳು. ಅವಳು ಹೇಳಿದ್ದು ಸರಿ. ಕಾಣೆ ಮೀನಿನಲ್ಲಿ ಎಣ್ಣೆ ಕಡಿಮೆ, ಅದನ್ನು ಮಾಡಿದ ಮೇಲೆ ಇಷ್ಟು ಕಾಟ ಇರುವುದಿಲ್ಲ.

ಕಾಯಿಲ್ ಒರೆಸಬಹುದು. ಪ್ಲಗ್ ತೆಗೆದು, ಪೂರ್ತಿ ತಣಿದ ಮೇಲೆ ಮೆಷಿನ್ ತಲೆಕೆಳಗು ಮಾಡಿ, ಮೆತ್ತನೆಯ ಬ್ರಷ್ ಮತ್ತು ಒದ್ದೆ ಬಟ್ಟೆಯಿಂದ ಉಜ್ಜಬೇಕು. ಪ್ರತಿ ಮೀನೂಟದ ನಂತರ ಯಾರು ಮಾಡ್ತಾರೆ?

ಆಮೇಲೆ ಲೈನರ್, ಅಂದ್ರೆ ಬುಟ್ಟಿಯೊಳಗೆ ಹಾಸುವ ಹಾಳೆ ಅಥವಾ ಬಟ್ಟಲು. ಪೇಪರ್ ಲೈನರ್ ಹಾಕಿದರೆ ಬುಟ್ಟಿ ಗಲೀಜಾಗುವುದಿಲ್ಲ, ಅಷ್ಟೇ. ತಿಂಡಿ ಇಡದೆ ಖಾಲಿ ಪೇಪರ್ ಹಾಕಿ ಬಿಸಿ ಮಾಡಲು ಹೋಗಬೇಡಿ, ಗಾಳಿಗೆ ಹಾರಿ ಕಾಯಿಲ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಸಿಲಿಕೋನ್ ಬಟ್ಟಲಿನಲ್ಲಿ ಕೆಳಗಿನಿಂದ ಗಾಳಿ ಆಡುವುದಿಲ್ಲ, ರವೆ ಹಚ್ಚಿದ್ದೆಲ್ಲ ತಳದಲ್ಲಿ ಮೆತ್ತಗಾಗುತ್ತದೆ. ಇವೆರಡಕ್ಕಿಂತ ನನಗೆ ಹಿಡಿಸಿದ್ದು ಬಾಳೆಎಲೆ. ಎಲೆಯನ್ನು ಒಲೆಯ ಮೇಲೆ ಬಾಡಿಸಿ, ಮಸಾಲೆ ಹಚ್ಚಿದ ಮೀನನ್ನು ಅದರಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿದರೆ ಸಿಡಿಯುವುದು ತುಂಬಾ ಕಡಿಮೆ. ಗರಿಗರಿ ಆಗುವುದಿಲ್ಲ, ನಿಜ. ಆದರೆ ಮಸಾಲೆ ಒಳಗೆ ಇಳಿದು ಮೀನು ಎಷ್ಟು ಮೃದುವಾಗುತ್ತದೆ ಗೊತ್ತಾ! ಅತ್ತೆಗೆ ಈಗ ಹೀಗೇ ಬೇಕು.

ಇನ್ನೊಂದು ಬುಟ್ಟಿ ಮಾತ್ರ ಬೇರೆ ತಂದಿಟ್ಟುಕೊಳ್ಳುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಕಾಯಿಲ್ ಅದೇ ಅಲ್ವಾ.

ಎರಡು ಬುಟ್ಟಿಯ ದೊಡ್ಡ ಮೆಷಿನ್ ನಾದಿನಿ ಮನೆಯಲ್ಲಿದೆ. ರಜೆಗೆ ಹೋದಾಗ ಅದರಲ್ಲೇ ಅಡುಗೆ ಮಾಡಿದೆ. ಒಂದು ಕಡೆ ಮೀನು, ಇನ್ನೊಂದು ಕಡೆ ಸುವರ್ಣಗೆಡ್ಡೆ, ಎರಡೂ ಒಟ್ಟಿಗೆ ಮುಗಿಯುತ್ತವೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬಹುದು, ಈ ಸುಖ ಬೇರೆ ಯಾವ ದಾರಿಯಲ್ಲೂ ಇಷ್ಟು ಸಲೀಸಾಗಿ ಸಿಗಲಿಲ್ಲ. ಅವಳದ್ದರಲ್ಲಿ ಎರಡೂ ಬುಟ್ಟಿಗೆ ಬೇರೆ ಬೇರೆ ಕಾಯಿಲ್, ಫ್ಯಾನ್ ಇವೆ. ಕೊಳ್ಳುವ ಮುಂಚೆ ಇದನ್ನು ಕೇಳಿಯೇ ಕೊಳ್ಳಿ. ಒಂದೇ ದೊಡ್ಡ ಬುಟ್ಟಿಗೆ ಮಧ್ಯೆ ತಡೆ ಇಟ್ಟು ಎರಡು ಮಾಡುವ ಮಾಡೆಲ್‌ಗಳೂ ಇವೆ, ನಮ್ಮಂಥ ಮನೆಗೆ ಅವು ಆಗುವುದಿಲ್ಲ. ಕೊರತೆ ಅಂದ್ರೆ ಒಂದೊಂದು ಬುಟ್ಟಿಯೂ ಕಿರಿದು, ಎರಡು ಬಂಗುಡೆ ಮಲಗಿಸಿದರೆ ಜಾಗ ಮುಗಿಯಿತು. ಬುಟ್ಟಿಗಳು ನೋಡಲು ಒಂದೇ ಥರ, ತೊಳೆದಿಟ್ಟಾಗ ಅದಲುಬದಲಾಗುತ್ತವೆ. ನಾದಿನಿ ಸಸ್ಯಾಹಾರದ ಬುಟ್ಟಿಯ ಹಿಡಿಗೆ ಹಸಿರು ನೇಲ್ ಪಾಲಿಶ್ ಹಚ್ಚಿದ್ದಾಳೆ.

ನಾವು ಕೊನೆಗೆ ಆರಿಸಿಕೊಂಡಿದ್ದು ಎರಡು ಚಿಕ್ಕ ಮೆಷಿನ್. ಹಳೆಯದು ಮೀನು ಮಾಂಸಕ್ಕೆ, ಹೊಸದು ಮಗಳಿಗೆ. ಕಟ್ಟೆಯ ಮೇಲೆ ಜಾಗ ಜಾಸ್ತಿ ಬೇಕು. ಕರೆಂಟಿನ ಲೆಕ್ಕವೂ ಇದೆ. ಒಂದೊಂದು 1500 ವ್ಯಾಟ್ ಎಳೆಯುತ್ತದೆ, 6 ಆಂಪ್ ಪ್ಲಗ್ಗಿಗೆ ಒಂದು ಮೆಷಿನ್ನೇ ಹೆಚ್ಚಾಗುತ್ತದೆ. 16 ಆಂಪ್ ಪಾಯಿಂಟಿಗೆ ಹಾಕಬೇಕು, ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಲೇಬಾರದು. ಇಷ್ಟಾದರೂ ನನ್ನ ಮತ ಇದಕ್ಕೇ. ಮಗಳು ಹಾಸ್ಟೆಲಿಗೆ ಹೋದರೆ ಅವಳದ್ದನ್ನು ಜೊತೆಗೆ ಕಳಿಸಬಹುದು, ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ.

ಜಾಗ ಇಲ್ಲ, ದುಡ್ಡೂ ಸದ್ಯಕ್ಕಿಲ್ಲ ಅನ್ನುವವರು ಒಂದೇ ಮೆಷಿನ್‌ನಲ್ಲಿ ವೀಗನ್ ಅಡುಗೆ ಮೊದಲು, ಮೀನು ಆಮೇಲೆ, ಅದೂ ಬಾಳೆಎಲೆಯಲ್ಲಿ ಮಾಡಿ, ರಾತ್ರಿಯೇ ಕಾಯಿಲ್ ಒರೆಸಿಡಿ. ಅದಕ್ಕೂ ಮೊದಲು ಮನೆಯ ವೀಗನ್ ಜೊತೆ ಕೂತು ಮಾತಾಡಿ. ತೊಳೆದಿದ್ದರೆ ಸಾಕು ಅನ್ನುವವರಿದ್ದಾರೆ, ಮೀನಿನೆಣ್ಣೆಯ ಹನಿಯೂ ತಾಗಬಾರದು ಅನ್ನುವವರಿದ್ದಾರೆ. ಅವರ ತಟ್ಟೆ, ಅವರ ಮಾತೇ ನಡೆಯಬೇಕು.

ಪ್ಯಾಕೆಟ್ ತಿಂಡಿ ತರುವಾಗ ಹಸಿರು ಚುಕ್ಕೆ ನೋಡಿ ನಂಬಬೇಡಿ, ಹಾಲಿನ ಪುಡಿ ಇದ್ದರೂ ಆ ಚುಕ್ಕೆ ಇರುತ್ತದೆ. ಹಿಂದೆ ಬರೆದಿರುವುದನ್ನು ಓದಿ. ಎಣ್ಣೆ ಸವರುವ ಬ್ರಷ್ ಕೂಡ ಎರಡಿರಲಿ, ತುಪ್ಪದಲ್ಲಿ ಅದ್ದಿದ್ದು ಒಂದು, ಬರೀ ಎಣ್ಣೆಯದು ಒಂದು.