ಬಿಸ್ಕತ್ತು ಫ್ಯಾಕ್ಟರಿಗೆ ಇಯರ್ ಪ್ಲಗ್ಗಾ, ಇಯರ್ ಮಫ್ಫಾ?

ಪ್ಯಾಕಿಂಗ್ ಲೈನಲ್ಲಿ ಪಕ್ಕದವರ ಜೊತೆ ಕೂಗಿ ಮಾತಾಡಬೇಕು ಅಂದ್ರೆ ಶಬ್ದ 85 ಡೆಸಿಬಲ್ ದಾಟಿರಬಹುದು. ನಮ್ಮ ಕಾರ್ಖಾನೆ ನಿಯಮಗಳ ಮಿತಿ 8 ಗಂಟೆಗೆ 90 ಡೆಸಿಬಲ್. ಆದರೆ 85ರಿಂದಲೇ ಕಿವಿ ಮುಚ್ಚಿಕೊಳ್ಳುವುದು ಒಳ್ಳೆಯದು, ಕಿವಿಯೊಳಗೆ ಸೇರಿಸುವ ಪ್ಲಗ್ಗಿನಿಂದಲೋ, ಹೆಡ್‌ಫೋನಿನಂತೆ ಇಡೀ ಕಿವಿ ಮುಚ್ಚುವ ಮಫ್ಫಿನಿಂದಲೋ.

ಮಾಮೂಲಿ ಫೋಮ್ ಪ್ಲಗ್ ಅಗ್ಗ, ಸೆಖೆಯಲ್ಲೂ ಹಿತ. ಆದರೆ 33 ಡೆಸಿಬಲ್ ಶಬ್ದ ತಗ್ಗಿಸುತ್ತದೆ ಅನ್ನೋ ಪೊಟ್ಟಣದ ಮೇಲಿನ ಅಂಕಿ ನೋಡಿ ಮೋಸ ಹೋಗಬೇಡಿ, ಅದು ಪ್ರಯೋಗಾಲಯದ ಲೆಕ್ಕ, ಅರ್ಧದಷ್ಟು ಸಿಕ್ಕರೂ ಪುಣ್ಯ. ಶುದ್ಧವಾದ ಕೈಯಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಸೇರಿಸಿ, ಅದು ಉಬ್ಬುವ ತನಕ ಬೆರಳಲ್ಲಿ ಒತ್ತಿ ಹಿಡಿಯಬೇಕು. ಹಿಟ್ಟು ಮೆತ್ತಿದ ಕೈಯಲ್ಲಿ ಇದೆಲ್ಲ ಆಗುತ್ತಾ? ಇನ್ನೊಂದು ಭಯ, ಅದು ಬಿದ್ದು ಹಿಟ್ಟಿನೊಳಗೆ ಸೇರಿಬಿಟ್ಟರೆ ಹುಡುಕೋದು ಹೇಗೆ?

ಅದಕ್ಕೇ ನನ್ನ ಓಟು ದಾರ ಇರುವ, ಲೋಹದ ಅಂಶ ಸೇರಿಸಿದ ನೀಲಿ ಪ್ಲಗ್ಗಿಗೆ. ಆಹಾರದಲ್ಲಿ ನೀಲಿ ಬಣ್ಣ ಅಪರೂಪ, ಹಾಗಾಗಿ ಕಣ್ಣಿಗೆ ಬೀಳುತ್ತದೆ. ಕಣ್ಣು ತಪ್ಪಿದರೂ ಮೆಟಲ್ ಡಿಟೆಕ್ಟರ್ ಹಿಡಿಯುತ್ತದೆ, ನಿಮ್ಮ ಯಂತ್ರದಲ್ಲಿ ಒಮ್ಮೆ ಹಾಯಿಸಿ ನೋಡಿಕೊಂಡರಾಯಿತು. ಬೆಲೆ ಸ್ವಲ್ಪ ಜಾಸ್ತಿ, ನಿಜ. ಒಂದು ಬ್ಯಾಚ್ ಎಸೆಯುವುದಕ್ಕಿಂತ ವಾಸಿ ಅಲ್ವಾ? ಆ ದಾರ ಮಾತ್ರ ತಿರುಗುವ ರೋಲರ್ ಹತ್ತಿರ ಹೋಗದಂತೆ ಕೋಟಿನೊಳಗೆ ಸೇರಿಸಿ.

ಮಫ್ ಹಾಕಿ ತೆಗೆಯುವುದು ಸುಲಭ. ಗ್ರೈಂಡರ್ ರೂಮಿಗೆ ಹತ್ತು ನಿಮಿಷ ಹೋಗಿ ಬರುವ ಸೂಪರ್‌ವೈಸರಿಗೆ ಇದೇ ಸರಿ. ಆದರೆ ಹೇರ್‌ನೆಟ್ಟಿನ ಅಂಚು, ಕನ್ನಡಕದ ಕಡ್ಡಿ ಮೆತ್ತೆಯಡಿ ಸಿಕ್ಕಿದರೆ ಸಂದಿಯಿಂದ ಶಬ್ದ ನುಗ್ಗುತ್ತದೆ. ಓವನ್ ಪಕ್ಕದಲ್ಲಂತೂ ಬೆವರೋ ಬೆವರು, ಅರ್ಧ ಗಂಟೆಗೆ ಎಲ್ಲರೂ ಕಿತ್ತು ಕುತ್ತಿಗೆಗೆ ಹಾಕಿಕೊಂಡಿರುತ್ತಾರೆ.