ಕಲರ್‌ಬ್ರೂವರ್: ಬಾವಿಗಳ ನಕ್ಷೆಗೆ ಹತ್ತು ವರ್ಷ ಬಣ್ಣ ಆರಿಸಿದ ಮೇಲೆ

ಬದಿಯಡ್ಕ, ಕುಂಬ್ಡಾಜೆ, ಎಣ್ಮಕಜೆ ಕಡೆಯ ತೆರೆದ ಬಾವಿಗಳನ್ನು ಪ್ರತಿವರ್ಷ ಏಪ್ರಿಲ್ ಕೊನೆಯ ವಾರ ಅಳೆದು ನಕ್ಷೆ ಮಾಡುವ ಸಣ್ಣ ಗುಂಪೊಂದು ನಮ್ಮಲ್ಲಿದೆ. ಅದರಲ್ಲಿ ನಕ್ಷೆಯ ಕೆಲಸ ನನ್ನ ಪಾಲಿಗೆ ಬಂದದ್ದು 2015ರಲ್ಲಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ಮುರಕಲ್ಲಿನ ಗುಡ್ಡಗಳಲ್ಲಿ ಆ ನೀರು ಬಹುಕಾಲ ನಿಲ್ಲುವುದಿಲ್ಲ. ವಿಷು ಕಳೆಯುವಷ್ಟರಲ್ಲಿ ಯಾವ ಬಾವಿಯಲ್ಲಿ ಎಷ್ಟು ಉಳಿದಿದೆ ಎಂಬುದು ಇಲ್ಲಿ ಮನೆಮನೆಯ ಪ್ರಶ್ನೆ. ಅಳತೆಗೆ ಹಗ್ಗ, ಕಲ್ಲು, ಟೇಪು ಸಾಕು. ಬಣ್ಣ ಹಚ್ಚುವುದೇ ಕಷ್ಟವೆಂದು ಮೊದಲ ವರ್ಷವೇ ತಿಳಿಯಿತು. ಆ ಕಷ್ಟಕ್ಕೆ ನೆರವಾದದ್ದು ನಕ್ಷೆಗೆ ಬಣ್ಣ ಆರಿಸಿಕೊಡುವ ಕಲರ್‌ಬ್ರೂವರ್ ಎಂಬ ಜಾಲತಾಣ.

ಆ ವರ್ಷ ಯಾರನ್ನೂ ಕೇಳದೆ, ಕೆಂಪು ಎಂದರೆ ಬರ, ಹಸಿರು ಎಂದರೆ ಸಮೃದ್ಧಿ ಎಂಬ ಲೆಕ್ಕದಲ್ಲಿ ಕೆಂಪು-ಹಳದಿ-ಹಸಿರು ಹಚ್ಚಿ ಸಭೆಗೆ ಒಯ್ದಿದ್ದೆ. ಮೊದಲ ಸಾಲಿನಲ್ಲಿ ಕುಳಿತಿದ್ದ ಹಿರಿಯ ಕೃಷಿಕರೊಬ್ಬರು ಕಾಗದವನ್ನು ಬೆಳಕಿಗೆ ಹಿಡಿದು, "ಮಾಷ್ಟ್ರೇ, ಇದರಲ್ಲಿ ನೀರು ಇರುವ ಕಡೆ ಯಾವುದು, ಇಲ್ಲದ ಕಡೆ ಯಾವುದು?" ಎಂದು ಕೇಳಿದರು. ಕಾಳುಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಯಿತೇ ಎಂದು ನೋಡಲು ಅವರು ಯಾವಾಗಲೂ ಮಗನನ್ನೇ ಬಳ್ಳಿಯ ಬುಡಕ್ಕೆ ಕರೆಯುತ್ತಿದ್ದರಂತೆ. ಎಲೆಯ ಹಸಿರಿನ ನಡುವೆ ಆ ಕೆಂಪು ಅವರಿಗೆ ಬೇರೆಯಾಗಿ ಕಾಣುವುದೇ ಇಲ್ಲ. ಹಿಂದಿನ ಸಾಲುಗಳವರ ಪಾಡು ಇನ್ನೂ ಕಷ್ಟದ್ದು. ಅವರ ಕೈಯಲ್ಲಿದ್ದದ್ದು ಕಪ್ಪುಬಿಳುಪು ಜೆರಾಕ್ಸ್ ಪ್ರತಿ. ಕೆಂಪೂ ಹಸಿರೂ ಒಂದೇ ಬೂದಿಯಾಗಿ, ನಡುವಿನ ಹಳದಿ ಮಾತ್ರ ಬೆಳ್ಳಗೆ ಉಳಿದು, ಬತ್ತಿದ ಬಾವಿಗೂ ತುಂಬಿದ ಬಾವಿಗೂ ವ್ಯತ್ಯಾಸವೇ ಇಲ್ಲದ ಹಾಗಾಗಿತ್ತು.

ಕಲರ್‌ಬ್ರೂವರ್ ನನ್ನ ಕಣ್ಣಿಗೆ ಬಿದ್ದದ್ದು ಈ ಮುಖಭಂಗದ ನಂತರ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೂಗೋಳ ಪ್ರಾಧ್ಯಾಪಕಿಯಾಗಿದ್ದ ಸಿಂಥಿಯಾ ಬ್ರೂವರ್ ಅವರು ಮಾರ್ಕ್ ಹ್ಯಾರೋವರ್ ಅವರೊಂದಿಗೆ ನಕ್ಷೆಗಳಿಗಾಗಿಯೇ ರೂಪಿಸಿದ ಈ ಜಾಲತಾಣದಲ್ಲಿ 35 ಬಣ್ಣದ ಸರಣಿಗಳಿವೆ. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ತೆರೆದ ಕೂಡಲೇ ಅದು ಕೇಳುವುದು ನಿಮಗೆ ಯಾವ ಬಣ್ಣ ಇಷ್ಟವೆಂದಲ್ಲ. ನಿಮ್ಮ ಅಂಕಿಗಳನ್ನು ಎಷ್ಟು ವರ್ಗ ಮಾಡಿದ್ದೀರಿ, ಅವು ಕಡಿಮೆಯಿಂದ ಹೆಚ್ಚಿಗೆ ಏರುವಂಥವೇ, ನಡುವಿನ ಒಂದು ಬಿಂದುವಿನಿಂದ ಎರಡೂ ಕಡೆಗೆ ಸರಿಯುವಂಥವೇ, ಅಥವಾ ಬರಿಯ ಬೇರೆ ಬೇರೆ ಬಗೆಗಳೇ ಎಂದು. ಹತ್ತು ವರ್ಷದ ಬಳಕೆಯ ನಂತರವೂ ಇದರ ದೊಡ್ಡ ಗುಣ ಈ ಪ್ರಶ್ನೆಯೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ನನ್ನ ಮೊದಲ ನಕ್ಷೆ ಕೆಟ್ಟದ್ದು ಬಣ್ಣದಿಂದಲ್ಲ, ಬರೀ ಏರಿಕೆಯ ಅಂಕಿಗೆ ಇಬ್ಬದಿಯ ಸರಣಿ ಹಚ್ಚಿದ್ದರಿಂದ.

ಪಕ್ಕದಲ್ಲಿ ಮೂರು ಸಣ್ಣ ಚೌಕಗಳಿವೆ: ಬಣ್ಣಗುರುಡು ಇರುವವರಿಗೆ ಕಾಣುವಂಥದ್ದು, ಮುದ್ರಣಕ್ಕೆ ಒಗ್ಗುವಂಥದ್ದು, ಜೆರಾಕ್ಸಿಗೆ ಉಳಿಯುವಂಥದ್ದು. ಒಂದೊಂದನ್ನೇ ಗುರುತು ಹಾಕುತ್ತ ಹೋದಂತೆ ಸರಣಿಗಳು ಕಳಚಿಕೊಳ್ಳುತ್ತವೆ. ಇಬ್ಬದಿಯ ಸರಣಿಗಳಿಗೆ ಜೆರಾಕ್ಸಿನ ಗುರುತು ಹಾಕಿದರೆ ಬಹುತೇಕ ಯಾವುದೂ ಉಳಿಯುವುದಿಲ್ಲ. ಎರಡೂ ತುದಿ ಗಾಢವಾಗಿರುವಾಗ ಕಪ್ಪುಬಿಳುಪಿನಲ್ಲಿ ಅವನ್ನು ಬೇರ್ಪಡಿಸುವ ದಾರಿಯೇ ಇಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ನೂರಕ್ಕೆ 8 ಮಂದಿಗೆ ಕೆಂಪು-ಹಸಿರಿನ ತೊಡಕು ಇರುತ್ತದೆ ಎನ್ನುತ್ತಾರೆ. ನಮ್ಮ ಸಭೆಯ ಮಟ್ಟಿಗೆ ಮೊದಲ ಸಾಲಿನ ಆ ಒಬ್ಬರೇ ನನಗೆ ಸಾಕಾದರು.

ಅಂದಿನಿಂದ ಬಾವಿಯ ನಕ್ಷೆಗೆ ಹಳದಿ-ಹಸಿರು-ನೀಲಿ ಸರಣಿ ಬಳಸುತ್ತೇನೆ. ನಾಲ್ಕು ವರ್ಗ ಮಾಡಿದರೆ ಅದು 255, 255, 204 (ಕಂಪ್ಯೂಟರ್ ಪರದೆಯಲ್ಲಿ ಕ್ರಮವಾಗಿ ಕೆಂಪು, ಹಸಿರು, ನೀಲಿಯ ಪ್ರಮಾಣ) ಎಂಬ ತೆಳು ಹಳದಿಯಿಂದ ಆರಂಭಿಸಿ 34, 94, 168 ಎಂಬ ಗಾಢ ನೀಲಿಗೆ ಮುಟ್ಟುತ್ತದೆ. ಬಣ್ಣ ಬದಲಾಗುವುದರ ಜೊತೆಗೆ ಹೆಜ್ಜೆಹೆಜ್ಜೆಗೂ ಕಪ್ಪು ಏರುತ್ತ ಹೋಗುವುದರಿಂದ ಬಣ್ಣ ಹಿಡಿಯದ ಕಣ್ಣಿಗೂ ಕ್ರಮ ತಪ್ಪುವುದಿಲ್ಲ. ಯಾವ ಬಣ್ಣಕ್ಕೆ ಏನರ್ಥವೆಂದು ಹೇಳುವ ಸೂಚಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಬೇಕಾದ ನಮಗೆ ಐದಕ್ಕಿಂತ ಹೆಚ್ಚು ವರ್ಗಕ್ಕೆ ಹೇಗೂ ಕಾಗದದಲ್ಲಿ ಜಾಗವಿಲ್ಲ, ಹಾಗಾಗಿ ಏರಿಕೆಯ ಸರಣಿಗಳು ಒಂಬತ್ತಕ್ಕೇ ನಿಲ್ಲುತ್ತವೆ ಎಂಬ ಕೊರತೆ ನನ್ನನ್ನು ಎಂದೂ ತಟ್ಟಿಲ್ಲ.

ಆದರೆ ಈ ಉಪಕರಣ ಹೇಳಿಕೊಡದ ಒಂದು ವಿಷಯವನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ನಾವು ಅಳೆಯುತ್ತಿದ್ದದ್ದು ಬಾವಿಕಟ್ಟೆಯಿಂದ ನೀರಿನವರೆಗಿನ ಆಳ. ಹೆಚ್ಚು ಅಂಕಿಗೆ ಗಾಢ ಬಣ್ಣ ಎಂಬ ನಿಯಮವನ್ನು ಪಾಲಿಸಿದಾಗ ಹನ್ನೆರಡು ಮೀಟರ್ ಕೆಳಗೆ ಇಳಿದ ಬಾವಿಗಳು ಕಡುನೀಲಿಯಾದವು, ಮತ್ತು ಕಡುನೀಲಿ ಕಂಡವರೆಲ್ಲ ಅಲ್ಲಿ ನೀರು ಧಾರಾಳವಾಗಿದೆ ಎಂದೇ ಓದಿದರು. ಅವರ ಓದು ತಪ್ಪಲ್ಲ. ಕೆರೆಯ ನೀರು ಆಳವಾದಷ್ಟೂ ಗಾಢವಾಗಿ ಕಾಣುವುದನ್ನು ನೋಡಿ ಬೆಳೆದ ಕಣ್ಣುಗಳವು. ಸರಣಿಯನ್ನು ತಿರುಗಿಸಿ ನೋಡಿದೆ, ಆಗ ಸೂಚಿಯ ಅಂಕಿಗಳು ಜನರನ್ನು ಗಲಿಬಿಲಿಗೊಳಿಸಿದವು. ಕೊನೆಗೆ ಬದಲಿಸಿದ್ದು ಬಣ್ಣವನ್ನಲ್ಲ, ಅಳತೆಯನ್ನು: ತಳದಿಂದ ನೀರು ಎಷ್ಟು ನಿಂತಿದೆ ಎಂಬುದನ್ನೇ ಈಗ ನಕ್ಷೆಗೆ ಹಾಕುತ್ತೇವೆ. ತೆಳು ಹಳದಿ ಎಂದರೆ ಒಣಗಿದ ಬಾವಿ, ಕಡುನೀಲಿ ಎಂದರೆ ನೀರಿರುವ ಬಾವಿ; ಸೂಚಿ ನೋಡದವರಿಗೂ ತಿಳಿಯುತ್ತದೆ.

ಹಿಂದಿನ ವರ್ಷಕ್ಕೆ ಹೋಲಿಸುವ ನಕ್ಷೆಗೆ ಮಾತ್ರ ಇಬ್ಬದಿಯ ಸರಣಿ ಬೇಕು. ಅದಕ್ಕೆ ಕಂದು-ಬಿಳಿ-ಹಸಿರುನೀಲಿಯನ್ನು ಆರಿಸಿಕೊಂಡಿದ್ದೇನೆ; ಇದು ಬಣ್ಣಗುರುಡಿನ ಚೌಕವನ್ನು ದಾಟುತ್ತದೆ, ಕೆಂಪು-ಹಳದಿ-ಹಸಿರು ದಾಟುವುದಿಲ್ಲ. ಇಲ್ಲಿ ನಡುವಿನ ಬಿಳಿ ಸರಿಯಾಗಿ ಸೊನ್ನೆಯ ಮೇಲೆಯೇ ಕೂರಬೇಕು. ಇಲ್ಲವಾದರೆ ಅರ್ಧ ಮೀಟರ್ ಇಳಿದ ಬಾವಿಯೂ ಏರಿದ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಈ ಸರಣಿಗಳೆಲ್ಲ ಮೊದಲೇ ಅಡಕವಾಗಿವೆ, ಸೊನ್ನೆಯ ಎರಡೂ ಬದಿಗೆ ವರ್ಗಗಳನ್ನು ಸಮನಾಗಿ ಹಂಚುವ ಸೌಲಭ್ಯವೂ ಇದೆ. ಈ ನಕ್ಷೆಯನ್ನು ಬಣ್ಣದಲ್ಲೇ ಮುದ್ರಿಸುತ್ತೇವೆ, ಜೆರಾಕ್ಸಿಗೆ ಕೊಡುವುದಿಲ್ಲ.

ಬೆಳೆಗಳ ನಕ್ಷೆ ಮಾಡುವಾಗ ನನಗೆ ಅಸಮಾಧಾನವಾಯಿತು. ಅಡಿಕೆ, ತೆಂಗು, ಗೇರು, ರಬ್ಬರ್, ಗದ್ದೆ ಎಂದು ಐದು ಬಗೆ ಬೇಕಿತ್ತು. ಬಣ್ಣಗುರುಡಿನ ಗುರುತು ಹಾಕಿದರೆ ಬಗೆಗಳ ಸರಣಿಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲ. ಗದ್ದೆಗೆ ಓರೆಗೆರೆ ಎಳೆದು ಪಾರಾದೆ. ದೊಡ್ಡ ಹರವಿನ ಅಡಿಕೆಗೆ ತೆಳು ಬಣ್ಣ, ಅಲ್ಲಲ್ಲಿ ಚುಕ್ಕೆಯಂತೆ ಉಳಿದಿರುವ ಗದ್ದೆಯ ಗೆರೆಗಳಿಗೆ ಗಾಢ ಬಣ್ಣ ಕೊಡಬೇಕೆಂಬ ವಿವೇಕವೂ ನನ್ನದೇ ಆಗಬೇಕಾಯಿತು. ಯಾವ ಬಗೆ ನಕ್ಷೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಕಲರ್‌ಬ್ರೂವರ್ ಕೇಳುವುದಿಲ್ಲ. ಮಾದರಿಗೆ ತೋರಿಸುವುದು ಅಮೆರಿಕದ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ವಿಭಾಗಗಳ) ನಕ್ಷೆ. ಅದರ ಮೇಲೆ ರಸ್ತೆ, ಊರು, ಗಡಿಗಳನ್ನು ಹಾಕಿ ನೋಡಬಹುದು, ಆದರೆ ನಮ್ಮ ಸ್ವಂತ ನಕ್ಷೆಯನ್ನು ಹಾಕಿ ನೋಡುವಂತಿಲ್ಲ.

ಇನ್ನೊಂದು ತೊಂದರೆ ಸಭಾಂಗಣದ ಹಳೆಯ ಪ್ರೊಜೆಕ್ಟರಿನದು. ಹಗಲು ಬೆಳಕಿನಲ್ಲಿ ಅದು ತೆಳು ಹಳದಿಯನ್ನು ಪರದೆಯ ಬಿಳಿಯೊಳಗೆ ನುಂಗಿಬಿಡುತ್ತದೆ, ಆಗ ಒಣಗಿದ ಬಾವಿಗಳಿಗೂ ಅಳತೆಯೇ ಸಿಗದ ಬಾವಿಗಳಿಗೂ ಭೇದ ಉಳಿಯುವುದಿಲ್ಲ. ಈಗ ನಾಲ್ಕು ವರ್ಗ ಬೇಕಾದಾಗ ಐದರ ಸರಣಿ ತೆಗೆದು ಮೊದಲ ಬಣ್ಣವನ್ನು ಬಿಟ್ಟುಬಿಡುತ್ತೇನೆ. ಅಳತೆ ಸಿಗದ ಬಾವಿಗಳಿಗೆ ಬಣ್ಣವನ್ನೇ ಕೊಡದೆ, ಬರಿಯ ಕಪ್ಪು ಅಂಚಿನ ಖಾಲಿ ವೃತ್ತ ಹಾಕುತ್ತೇನೆ.